ಐದನೇ ನಿಮಿಷದ ಬ್ಯಾಂಡ್

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಬ್ಲಾಟ್ (ಪ್ರೋಟೀನುಗಳನ್ನು ಕಪ್ಪು ಪಟ್ಟಿಗಳಾಗಿ, ಅಂದರೆ ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ) ಫೋಟೋ ನೋಡಿದೆ. ಎನ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ (ಕೋಶಕ್ಕೆ ಬೆಳೆ ಅಂತ ಹೇಳುವ ಪ್ರೋಟೀನ್) ಹಾಕಿದ ಪಿಸಿ12 ಎಂಬ ಇಲಿ ಕೋಶಗಳಲ್ಲೂ, ಇಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಹಾಕಿದವುಗಳಲ್ಲೂ ಐದನೇ ನಿಮಿಷಕ್ಕೆ, ಕೋಶದೊಳಗೆ ಸುದ್ದಿ ದಾಟಿಸುವ ಅರ್ಕ್ ಪ್ರೋಟೀನಿನ ಚುರುಕಾದ ರೂಪದ ಬ್ಯಾಂಡ್ ಒಂದೇ ಥರ ಕಪ್ಪಗಿದೆ. "ಎರಡೂ ಮಾಡೋದು ಒಂದೇ ಕೆಲಸ, ದೊಡ್ಡಮ್ಮ" ಅಂತ ಬರೆದಿದ್ದೀಯ. ಓದಿ ನಗು ಬಂತು. ನಿನ್ನ ವಯಸ್ಸಿನಲ್ಲಿ ನಾನೂ ನೋಟ್‌ಬುಕ್ಕಿನಲ್ಲಿ ಇದನ್ನೇ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ನನ್ನನ್ನು ಉಳಿಸಿದ್ದು ನನ್ನ ಮರೆವು. ಒಂದು ಜೊತೆ ಡಿಶ್ ತೆಗೆಯೋದು ಮರೆತು ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟಿದ್ದೆ. ನಾಲ್ಕು ದಿನ ಆದಮೇಲೆ ಬಿಸಾಡೋಣ ಅಂತ ತೆಗೆದು, ಸುಮ್ನೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಇಜಿಎಫ್ ಡಿಶ್‌ನಲ್ಲಿ ಗುಂಡು ಗುಂಡು ಕೋಶಗಳು ಮೊದಲಿಗಿಂತ ಜಾಸ್ತಿ ಆಗಿ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಎನ್‌ಜಿಎಫ್ ಡಿಶ್‌ನಲ್ಲಿ ಅಷ್ಟು ಗುಂಪಿರಲಿಲ್ಲ. ಆದರೆ ಕೋಶಗಳ ಮೈಯಿಂದ ಸಣ್ಣ ಎಳೆಗಳು ಹೊರಟು, ಕೆಲವು ಪಕ್ಕದ ಕೋಶವನ್ನು ಮುಟ್ಟಿದ್ದವು. ನರಕೋಶದ ಥರಾನೇ! ಇಲಿಯ ಅಡ್ರಿನಲ್ ಗೆಡ್ಡೆಯಿಂದ ಬಂದ ಕೋಶ ಅಂತ ಯಾರೂ ಹೇಳಲಾರರು.

ನೀನು ನೋಡಿದ ಬ್ಯಾಂಡ್ ಸುಳ್ಳಲ್ಲ, ಪುಟ್ಟಿ. ನೀನು ನೋಡಿದ ಹೊತ್ತು ಸಾಲದು.

ಕೋಶದ ಪೊರೆಯ ಹತ್ತಿರ ಆಗೋದು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಎನ್‌ಜಿಎಫ್ ಅಣುವೇ ಜೋಡಿ. ಅದು ಪೊರೆಯಲ್ಲಿದ್ದು ಹೊರಗಿನ ಸುದ್ದಿ ಹಿಡಿಯುವ ಟ್ರ್ಯಾಕ್-ಎ ಎಂಬ ಗ್ರಾಹಕಗಳನ್ನು ಎರಡೆರಡಾಗಿ ಹಿಡಿದುಕೊಳ್ಳುತ್ತದೆ. ಕೋಶದ ಒಳಬದಿಗಿರುವ ಅವುಗಳ ಬಾಲಗಳು ಒಂದರ ಟೈರೋಸಿನ್‌ಗೆ (ಇದೊಂದು ಅಮೈನೋ ಆಮ್ಲ) ಇನ್ನೊಂದು ಫಾಸ್ಫೇಟ್ ಅಂಟಿಸುತ್ತವೆ. 490ನೇ ಸ್ಥಾನದ ಟೈರೋಸಿನ್ ಹತ್ತಿರ ಷಕ್ ಎಂಬ ಪ್ರೋಟೀನ್ ಬಂದು ಕೂತರೆ, ರಾಸ್ ಎಂಬ ಪ್ರೋಟೀನಿನ ಮೂಲಕ ಅರ್ಕ್‌ಗೆ ಹೋಗುವ ದಾರಿ ತೆರೆಯುತ್ತದೆ. 785ರ ಹತ್ತಿರ ಪಿಎಲ್‌ಸಿ-ಗಾಮಾ ಎಂಬ ಇನ್ನೊಂದು ಪ್ರೋಟೀನ್ ಕೂರುತ್ತದೆ. ಇಜಿಎಫ್ ಗ್ರಾಹಕವೂ ಜೋಡಿಯಾಗಿ ಅದೇ ರಾಸ್ ದಾರಿ ಹಿಡಿಯುತ್ತದೆ. ಐದನೇ ನಿಮಿಷಕ್ಕೆ ಎರಡೂ ಒಂದೇ ಥರ ಕಾಣದೆ ಇನ್ನೇನು?

ಬೇರೆ ಆಗೋದು ಆಮೇಲೆ. ಇಜಿಎಫ್ ಕೊಟ್ಟ ಅರ್ಕ್ ಗಂಟೆಯೊಳಗೆ ತಣ್ಣಗಾಗುತ್ತದೆ. ಎನ್‌ಜಿಎಫ್ ಕೊಟ್ಟದ್ದು ಗಂಟೆಗಟ್ಟಲೆ ಉಳಿಯುತ್ತದೆ. ಇದು ಬರೀ ಕಾಕತಾಳೀಯ ಇರಬಹುದಲ್ವಾ ಅಂತ ನೀನು ಕೇಳ್ತೀಯ, ಗೊತ್ತು. ಅದಕ್ಕೂ ಉತ್ತರವಿದೆ. ಪಿಸಿ12 ಕೋಶದಲ್ಲಿ ಇಜಿಎಫ್ ಗ್ರಾಹಕಗಳನ್ನು ಮಾಮೂಲಿಗಿಂತ ತುಂಬ ಜಾಸ್ತಿ ಮಾಡಿದಾಗ, ಇಜಿಎಫ್ ಕೊಟ್ಟರೂ ಅರ್ಕ್ ಬಹಳ ಹೊತ್ತು ಉಳಿಯಿತು. ಆಗ ಇಜಿಎಫ್‌ಗೂ ಎಳೆಗಳು ಬಂದವು. 1994ರಲ್ಲೇ ಆದ ಕೆಲಸ ಇದು. ನನಗೆ ಇವತ್ತಿಗೂ ಬಲು ಇಷ್ಟ.

ಇನ್ನೊಂದು ಮಾತು. ಗ್ರಾಹಕ ಪೊರೆಯ ಮೇಲೇ ಕೂತಿರುತ್ತದೆ ಅಂತ ಅಂದುಕೊಳ್ಳಬೇಡ. ಎನ್‌ಜಿಎಫ್ ಹಿಡಿದ ಟ್ರ್ಯಾಕ್-ಎ ಪೊರೆಯ ಚೂರಿನ ಸಮೇತ ಒಳಗೆ ಹೋಗಿ ಎಂಡೋಸೋಮ್ ಎಂಬ ಸಣ್ಣ ಚೀಲ ಆಗುತ್ತದೆ. ಅಲ್ಲಿಂದಲೂ ಸುದ್ದಿ ಕಳಿಸುತ್ತಲೇ ಇರುತ್ತದೆ. ನಿಜವಾದ ನರಕೋಶದಲ್ಲಿ ಇದು ಬಹಳ ಮುಖ್ಯ. ಎನ್‌ಜಿಎಫ್ ಸಿಗೋದು ಆಕ್ಸಾನಿನ (ನರಕೋಶದ ಉದ್ದನೆಯ ಎಳೆಯ) ತುದಿಯಲ್ಲಿ, ನ್ಯೂಕ್ಲಿಯಸ್ ಇರೋದು ಎಷ್ಟೋ ದೂರದಲ್ಲಿ. ಡೈನೀನ್ ಎಂಬ ಸಾಗಣೆ ಪ್ರೋಟೀನ್ ಆ ಎಂಡೋಸೋಮನ್ನು ಹೊತ್ತು ತರಬೇಕು. ಸುದ್ದಿ ತಲುಪದಿದ್ದರೆ, ಇನ್ನೂ ಬೆಳೆಯುತ್ತಿರುವ ನರಕೋಶ ಸತ್ತೇ ಹೋಗುತ್ತದೆ. ಈ ಗ್ರೋತ್ ಫ್ಯಾಕ್ಟರ್‌ಗಳನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂದಾಗ ಟ್ರ್ಯಾಕ್-ಎ ಎನ್‌ಜಿಎಫ್‌ನ ಗ್ರಾಹಕ ಅಂತಲೇ ಗೊತ್ತಿರಲಿಲ್ಲ. ಅದು ತಿಳಿದದ್ದು 1991ರಲ್ಲಿ.

ಈಗ ನಿನ್ನ ಬ್ಲಾಟ್‌ಗೆ ಬರ್ತೀನಿ. 0, 5, 15, 30, 60 ಮತ್ತು 120 ನಿಮಿಷಕ್ಕೆ ಸ್ಯಾಂಪಲ್ ತೆಗಿ. ಮೊದಲೇ ಕೋಶಗಳನ್ನು ಸೀರಮ್ (ರಕ್ತದಿಂದ ತೆಗೆದ ತಿಳಿ ದ್ರವ) ಇಲ್ಲದೆ ಇಡು. ಸೀರಮ್‌ನಲ್ಲೇ ಗ್ರೋತ್ ಫ್ಯಾಕ್ಟರ್‌ಗಳಿರುತ್ತವೆ, ಸೊನ್ನೆ ನಿಮಿಷದ ಬ್ಯಾಂಡೂ ಕಪ್ಪಾಗಿಬಿಡುತ್ತದೆ. ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಫಾಸ್ಫಟೇಸ್ ಇನ್ಹಿಬಿಟರ್ (ಅಂಟಿದ ಫಾಸ್ಫೇಟ್ ಕಿತ್ತುಹೋಗದಂತೆ ತಡೆಯುವ ವಸ್ತು) ಹಾಕು, ಐಸ್ ಮೇಲೇ ಕೆಲಸ ಮಾಡು. ಒಟ್ಟು ಅರ್ಕ್ ಎಷ್ಟಿದೆ ಅಂತಲೂ ಬ್ಲಾಟ್ ಮಾಡು, ನಿನ್ನ ಫೋಟೋದಲ್ಲಿ ಅದೇ ಇರಲಿಲ್ಲ.

ಮತ್ತೆ ಒಂದು ಜೊತೆ ಡಿಶ್ ಬೇಕಂತಲೇ ಮರೆತುಬಿಡು. ನಾಲ್ಕನೇ ದಿನದ ಫೋಟೋ ನನಗೆ ಕಳಿಸು.

ನಿನ್ನ ದೊಡ್ಡಮ್ಮ