ಸೊಪ್ಪು ಹಾಕದ ದಿನ

ಶಿಡ್ಲಘಟ್ಟ

ಪ್ರಿಯ ತಮ್ಮನಿಗೆ ಆಶೀರ್ವಾದಗಳು.

ಮೊದಲ ಕಾದಂಬರಿ ಮುಗಿಸಿದ್ದೀಯ, ಸಂತೋಷ. ಆದರೆ ಆ ಸುದ್ದಿಗೆ ನಿನ್ನ ಕಾಗದದಲ್ಲಿ ಸಿಕ್ಕಿದ್ದು ಒಂದೇ ಸಾಲು. ಉಳಿದದ್ದೆಲ್ಲ ಗೋಳು: ಎರಡನೆಯದಕ್ಕೆ ಕುಳಿತರೆ ಏನೂ ಬರುತ್ತಿಲ್ಲ, ಸುಮ್ಮನೆ ಕುಳಿತರೆ ತಪ್ಪು ಮಾಡುತ್ತಿರುವಂತೆ ಅನ್ನಿಸುತ್ತದೆ. ನಿಮ್ಮದು ರೇಷ್ಮೆ ಹುಳು ಸಾಕುವ ಮನೆ. ನನ್ನನ್ನು ಕೇಳುವ ಬದಲು ನಿನ್ನ ತಾಯಿಯನ್ನೇ ಕೇಳಬಹುದಿತ್ತು.

ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕುಳಿತಾಗ ಅವರು ಏನು ಮಾಡುತ್ತಾರೆಂದು ನೀನು ನೋಡಿಯೇ ಬೆಳೆದವನು. ಮೊಟ್ಟೆಯೊಡೆದು ಬಂದಾಗಿನಿಂದ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗಿನ ಸುಮಾರು 25 ದಿನಗಳಲ್ಲಿ ಹುಳು ನಾಲ್ಕು ಸಲ ತಿನ್ನುವುದನ್ನು ಬಿಡುತ್ತದೆ. ತಲೆಯೆತ್ತಿ, ಹೆಚ್ಚುಕಡಿಮೆ ಒಂದು ದಿನ ಅಲುಗಾಡದೆ ಕೂರುತ್ತದೆ. (ಈಗ ಮೊದಲ ಎರಡು ಜ್ವರ ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಲ್ಲೇ ಕಳೆದುಹೋಗುತ್ತವೆ, ಇರಲಿ.) ಹೊಸಬರು ನೋಡಿದರೆ ಬೆಳೆ ಹೋಯಿತು ಎಂದುಕೊಳ್ಳಬೇಕು. ಆದರೆ ಹಳೆಯ ಚರ್ಮದ ಅಡಿಯಲ್ಲಿ ಹೊಸದು ಕೂಡುತ್ತಿರುತ್ತದೆ. ಹಳೆಯ ತಲೆಯ ಹಿಂದೆ ಅದಕ್ಕಿಂತ ದೊಡ್ಡದೊಂದು ತಲೆ ಮೂಡುತ್ತಿರುತ್ತದೆ. ಕೂರುವ ಮುಂಚೆಯೇ ಹುಳು ಒಂದಿಷ್ಟು ಎಳೆ ಬಿಟ್ಟು ತನ್ನನ್ನು ಹಾಸಿಗೆಗೆ ಅಂಟಿಸಿಕೊಂಡಿರುತ್ತದೆ, ತೆವಳಿ ಹೊರಬರುವಾಗ ಪೊರೆ ಜೊತೆಗೇ ಎಳೆದುಕೊಂಡು ಬರಬಾರದಲ್ಲ. ಆಗ ತಟ್ಟೆ ಅಲುಗಿಸಿದರೂ ಕೆಟ್ಟಿತು, ಪ್ರೀತಿಯಿಂದ ಸೊಪ್ಪು ಹಾಕಿದರೂ ಕೆಟ್ಟಿತು. ತಿನ್ನುವವರಿಲ್ಲದ ಸೊಪ್ಪು ಹಾಸಿಗೆಯ ಮೇಲೆ ಬಿದ್ದು, ತೇವ ಕಟ್ಟಿ, ರೋಗಕ್ಕೆ ದಾರಿಯಾಗುತ್ತದೆ. ಅದಕ್ಕೇ ನಿನ್ನ ತಾಯಿ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡುವಂತೆ ಮಾಡಿ, ಹುಳುಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದುಬಿಡುತ್ತಾರೆ.

ನೀನು ಮಾತ್ರ ಸೊಪ್ಪು ಹಾಕುವುದನ್ನು ನಿಲ್ಲಿಸಿಲ್ಲ. ವಿಶ್ರಾಂತಿ ಎಂದು ನೀನು ಬರೆದಿರುವುದನ್ನೇ ನೋಡು: ಹೊಸ ಕಾದಂಬರಿಗಳನ್ನು ರಾತ್ರಿಯಿಡೀ ಓದುವುದು, ಯಾರಿಗೆ ಯಾವ ಬಹುಮಾನ ಬಂತೆಂದು ಮೊಬೈಲಿನಲ್ಲಿ ಹುಡುಕುವುದು, ಮುಗಿದ ಹಸ್ತಪ್ರತಿಯನ್ನು ಮತ್ತೆ ತೆಗೆದು ಅಲ್ಪವಿರಾಮ ತಿದ್ದುವುದು. ಓದನ್ನೂ ಈ ಪಟ್ಟಿಗೆ ಸೇರಿಸಿದ್ದಕ್ಕೆ ಹುಬ್ಬೇರಿಸಬೇಡ. ಬರೆಯುವವನು ಸದಾ ಓದುತ್ತಿರಬೇಕು ಎಂದು ನಾವು ಹಿರಿಯರು ವೇದಿಕೆಗಳಲ್ಲಿ ಹೇಳುತ್ತಿರುತ್ತೇವೆ. ಹಾರ ಹಾಕಿಸಿಕೊಂಡ ಮೇಲೆ ಏನಾದರೂ ಹೇಳಲೇಬೇಕಾಗುತ್ತದೆ.

ಹಸ್ತಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಮನೆಯವರಿಗೆ ಕೊಡು. ಈಗ ಅವರೆಕಾಯಿಯ ಕಾಲ, ಹಿತಕಿದ ಬೇಳೆಗೆ ಕಾಳು ಹಿತಕಲು ಎಷ್ಟು ಕೈಗಳಿದ್ದರೂ ಸಾಲದು. ರಾತ್ರಿ ಪಾಳಿಯಲ್ಲಿ ಕರೆಂಟು ಬಂದರೆ ಎದ್ದು ಹೋಗಿ ತೋಟಕ್ಕೆ ನೀರು ಕಟ್ಟು. ಮೈ ದಣಿದರೆ ತಲೆ ತಾನಾಗಿ ಸುಮ್ಮನಾಗುತ್ತದೆ. ನಂದಿ ಬೆಟ್ಟಕ್ಕೆ ಹೋಗಿ ಬಾ ಎನ್ನುವವರ ಮಾತು ಕೇಳಬೇಡ. ಭಾನುವಾರ ಬೆಳಗ್ಗೆ ಅಲ್ಲಿನ ವಾಹನಗಳ ಸಾಲಿನಲ್ಲಿ ನಿಂತು ಯಾರಿಗಾದರೂ ನೆಮ್ಮದಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹುಳು ಜ್ವರದಿಂದ ಏಳುವ ಹೊತ್ತು ಇನ್ನೂ ನಾಜೂಕಿನದು. ಮೊದಲು ಎದ್ದ ನಾಲ್ಕು ಹುಳುಗಳು ತಲೆಯಾಡಿಸುತ್ತ ಹುಡುಕಾಡುವುದನ್ನು ಕಂಡು ಕನಿಕರದಿಂದ ಸೊಪ್ಪು ಹಾಕಿದವನ ಬೆಳೆ ಏರುಪೇರಾಗುತ್ತದೆ. ಕೆಲವು ಇವತ್ತು ಹಣ್ಣಾದರೆ ಕೆಲವು ನಾಡಿದ್ದು, ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುವ ಕೆಲಸ ಮುಗಿಯುವುದೇ ಇಲ್ಲ. ಬಲ್ಲವರು ಬಹುಪಾಲು ಏಳುವವರೆಗೆ ಕಾಯುತ್ತಾರೆ. ಬಾಯಿ ಇನ್ನೂ ಮೆತ್ತಗಿರುತ್ತದೆಂದು ಮೊದಲು ಎಳೆಯ ಸೊಪ್ಪನ್ನೇ ಕೊಡುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳು ತನ್ನ ಆಯುಷ್ಯದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಒಂದೇ ವಾರದಲ್ಲಿ ತಿನ್ನುತ್ತದೆ, ಮನೆಮಂದಿಗೆಲ್ಲ ನಿದ್ದೆಯಿಲ್ಲ. ನಿನಗೂ ಒಂದು ದಿನ ಒಂದು ಸಾಲು ಹೊಳೆಯುತ್ತದೆ, ಒಂದು ಪಾತ್ರದ ಹೆಸರು ಹೊಳೆಯುತ್ತದೆ. ಅಷ್ಟಕ್ಕೇ ಕಾದಂಬರಿಗೆ ಕೈ ಹಾಕಬೇಡ. ಹತ್ತಾರು ಸಂಗತಿಗಳು ಒಟ್ಟಿಗೆ ಎದ್ದು ಪೀಡಿಸಲಿ. ಆಗಲೂ ಮೊದಲು ಬರೆಯಬೇಕಾದದ್ದು ಒಂದು ಸಣ್ಣ ಪ್ರಬಂಧ, ಇಲ್ಲವೇ ಯಾರಿಗಾದರೂ ಒಂದು ಕಾಗದ.

ಹಾಗೆಂದು ಇದನ್ನೇ ನೆಪ ಮಾಡಿಕೊಳ್ಳಬೇಡ. ಉಳಿದವೆಲ್ಲ ಎದ್ದು ತಿನ್ನುತ್ತಿದ್ದರೂ ಏಳದ ಹುಳುವನ್ನು ರೋಗದ್ದೆಂದು ಆರಿಸಿ ತೆಗೆಯುತ್ತಾರೆ. ನಮ್ಮ ಕವಿಗಳಲ್ಲಿಯೂ ಅಂಥವರಿದ್ದಾರೆ, ಅದಕ್ಕೆ ಮೌನ ಎಂದು ಹೆಸರಿಟ್ಟುಕೊಂಡಿದ್ದಾರೆ. ಬರೆಯುವ ಹಸಿವಾದ ಮೇಲೂ ಕುಳಿತೇ ಇದ್ದರೆ ಅದು ಬರೀ ಸೋಮಾರಿತನ. ತಿಂಗಳುಗಳು ಕಳೆದರೂ ಹಸಿವೇ ಆಗದೆ, ಊಟ ನಿದ್ದೆಗಳೂ ಬೇಡವಾದರೆ ವೈದ್ಯರಲ್ಲಿಗೆ ಹೋಗು. ಅದಕ್ಕೆ ನನ್ನ ಕಾಗದ ಮದ್ದಲ್ಲ.

ಪ್ರಕಾಶಕರು ಎರಡನೆಯದನ್ನು ಈಗಲೇ ಕೇಳುತ್ತಿದ್ದಾರೆ ಎಂದೆಯಲ್ಲ, ಯುಗಾದಿ ಕಳೆದ ಮೇಲೆ ತಿಳಿಸುತ್ತೇನೆಂದು ಒಂದು ಸಾಲು ಬರೆದು ಹಾಕು. ಒಪ್ಪದಿದ್ದರೆ ಹೇಳು, ನನಗೆ ಗೊತ್ತಿರುವ ಬೇರೆಯವರಿದ್ದಾರೆ.

ಇಂತು,
ನಿನ್ನ ಅಣ್ಣ