ಟಿಕೆಟ್ ಬಿಡುವ ಮುಂಚೆ ಇದನ್ನು ಓದು

ಪ್ರೀತಿಯ ಪುಟ್ಟು,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ಈ ವರ್ಷ ಸೀಸನ್ ಟಿಕೆಟ್ ತೆಗೆದುಕೊಳ್ಳುವುದಿಲ್ಲ, ನಾವಿಬ್ಬರೂ ಓದಿದ ಪುಲ್ಮನ್ ಊರಿನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಆಟ ನೋಡುವುದನ್ನೇ ಬಿಟ್ಟುಬಿಡುತ್ತೇನೆ, ಎಲ್ಲರೂ ಕೈಬಿಟ್ಟ ಟೀಮಿಗೆ ನಾನೊಬ್ಬ ಯಾಕೆ ಅಂಟಿಕೊಂಡಿರಲಿ ಅಂದೆ. ಆಗ ನಾನು ಜಾಸ್ತಿ ಮಾತಾಡಲಿಲ್ಲ. ಫೋನಿನಲ್ಲಿ ಇಂಥ ಮಾತು ನನಗೆ ಕೂಡಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ನಿನ್ನ ತೀರ್ಮಾನ ನಿನ್ನದು.

ನಿನ್ನ ಅಮ್ಮನೂ ದಾವಣಗೆರೆಯಿಂದ ಫೋನ್ ಮಾಡಿದ್ದಳು. ಕಾಲೇಜು ಹುಡುಗರ ಆಟಕ್ಕೆ ಇವನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ, ಕಾನ್ಫರೆನ್ಸ್ ಅಂದರೆ ಏನು ಅಂತ ಕೇಳಿದಳು. ನಾನು ಹೇಳಿದೆ: ಇಲ್ಲಿ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಕಡೆ ಊರ ತೇರು ಇದ್ದ ಹಾಗೆ. ಅಕ್ಕಪಕ್ಕದ ಸೀಮೆಯ ಹತ್ತು ಹನ್ನೆರಡು ಯೂನಿವರ್ಸಿಟಿಗಳು ಸೇರಿ ಒಂದು ಗುಂಪು ಮಾಡಿಕೊಂಡಿರುತ್ತವೆ, ವರ್ಷ ವರ್ಷವೂ ಅವರವರಲ್ಲೇ ಆಡುತ್ತವೆ, ಯಾವ ತಿಂಗಳು ಯಾರು ಬರುತ್ತಾರೆ ಅಂತ ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿರುತ್ತದೆ, ಅಜ್ಜ ಯಾರ ಮೇಲೆ ಗೆದ್ದಿದ್ದನೋ ಮೊಮ್ಮಗನೂ ಅವರ ಮೇಲೇ ಗೆಲ್ಲಬೇಕು. ಆ ಗುಂಪೇ ಕಾನ್ಫರೆನ್ಸ್. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತೇರಿನ ದಿನ ಬದಲಾಯಿಸಿದವರು ಯಾರು?" ಅಂದಳು. ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ಇಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಬದಲಾಯಿಸಿದ್ದು ಟೀವಿ ದುಡ್ಡು. ನಿನಗೆ ಗೊತ್ತಿರುವ ಕಥೆಯೇ, ಆದರೂ ಒಂದು ಸಲ ತಣ್ಣಗೆ ಕೂತು ನೋಡು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯೂನಿವರ್ಸಿಟಿಗಳಾದ ಯುಎಸ್‌ಸಿ, ಯುಸಿಎಲ್‌ಎ ಎರಡೂ ನಮ್ಮ ಕಾನ್ಫರೆನ್ಸ್ ಆದ ಪ್ಯಾಕ್-12 ಬಿಟ್ಟು ಬಿಗ್ ಟೆನ್ ಅನ್ನುವ ಇನ್ನೊಂದು ಕಾನ್ಫರೆನ್ಸ್ ಸೇರುತ್ತೇವೆ ಅಂದವು. ಲಾಸ್ ಏಂಜಲೀಸ್ ಹೋದ ಮೇಲೆ ನಮ್ಮ ಗುಂಪಿಗೆ ಟೀವಿಯವರು ಕೊಡುವ ಬೆಲೆ ಕುಸಿಯಿತು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್‌ಗೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಸಿಕ್ಕಿತು. ನಮಗೆ ಕೊನೆಗೆ ಉಳಿದದ್ದು ಆಪಲ್ ಕಂಪನಿಯ ಸ್ಟ್ರೀಮಿಂಗ್ ಮಾತು ಮಾತ್ರ. 2023ರ ಆಗಸ್ಟ್ 4ರ ಬೆಳಿಗ್ಗೆ ಎಲ್ಲರೂ ಸಹಿ ಹಾಕುತ್ತಾರೆ ಅಂತ ಕಾಯುತ್ತಿದ್ದೆವು. ಅದೇ ದಿನ ನಮ್ಮ ಹಳೆಯ ಎದುರಾಳಿ, ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಮತ್ತು ಒರೆಗಾನ್ ಬಿಗ್ ಟೆನ್‌ಗೆ ಹೋದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12 ಅನ್ನುವ ಮತ್ತೊಂದು ಗುಂಪಿಗೆ ಹೋದವು, ಕೊಲರಾಡೋ ಅದಕ್ಕೂ ಮುಂಚೆ ಹೋಗಿತ್ತು. ಸೆಪ್ಟೆಂಬರ್ ಬರುವ ಹೊತ್ತಿಗೆ ಸ್ಟ್ಯಾನ್‌ಫರ್ಡ್, ಕ್ಯಾಲ್ ಎರಡೂ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್ ಸೇರಿದ್ದವು. ಹನ್ನೆರಡು ಜನರ ಕೂಡು ಮನೆಯಲ್ಲಿ ಇಬ್ಬರು ಉಳಿದರು, ಪುಲ್ಮನ್‌ನ ನಾವು ಮತ್ತು ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್. 1915ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಕೂತು ಈ ಗುಂಪು ಶುರು ಮಾಡಿದ ನಾಲ್ವರಲ್ಲಿ ಇವತ್ತಿಗೂ ಮನೆಯಲ್ಲಿರುವುದು ಒರೆಗಾನ್ ಸ್ಟೇಟ್ ಒಂದೇ.

ಸಿಟ್ಟು ಬರುತ್ತದೆ, ಗೊತ್ತು. ನನಗೂ ಬಂದಿತ್ತು. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಿದ್ದೀಯ ಅಂತ ನೋಡಿಕೋ. ನೀನು ಟಿಕೆಟ್ ಬಿಟ್ಟರೆ ಟೀವಿ ಚಾನೆಲ್‌ಗಳಿಗೆ ಒಂದು ಪೈಸೆ ನಷ್ಟವಿಲ್ಲ. ನಷ್ಟ ಆಗುವುದು ಪುಲ್ಮನ್‌ಗೆ. ಸುಮಾರು 33,000 ಜನ ಹಿಡಿಯುವ ಸ್ಟೇಡಿಯಂ, ಊರಿನ ಜನಸಂಖ್ಯೆಯೂ ಹೆಚ್ಚು ಕಮ್ಮಿ ಅಷ್ಟೇ. ವರ್ಷದಲ್ಲಿ ಆರೇಳು ಶನಿವಾರ ಆ ಊರು ಎರಡರಷ್ಟಾಗುತ್ತದೆ. ಆ ಆರೇಳು ದಿನದ ವ್ಯಾಪಾರದಲ್ಲಿ ವರ್ಷ ತೂಗಿಸುವ ಊಟದ ಮನೆಗಳು ಅಲ್ಲಿವೆ. ನೀನೇ ನಾಲ್ಕು ವರ್ಷ ಅಲ್ಲಿ ತಿಂದಿದ್ದೀಯ, ಅಲ್ವಾ?

ಇನ್ನೂ ಒಂದು ಹೊಡೆತ ಬಿದ್ದಿದೆ. ಫುಟ್‌ಬಾಲ್ ನೋಡುವವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಫುಟ್‌ಬಾಲ್ ತರುವ ದುಡ್ಡಿನಲ್ಲಿ ಮಿಕ್ಕ ಆಟಗಳೂ ನಡೆಯುತ್ತವೆ. 2025ರ ಜೂನ್‌ನಲ್ಲಿ ನಮ್ಮ ಯೂನಿವರ್ಸಿಟಿ ಅಥ್ಲೆಟಿಕ್ಸ್‌ನಲ್ಲಿ ಎಸೆಯುವ, ಹಾರುವ ಸ್ಪರ್ಧೆಗಳನ್ನು ನಿಲ್ಲಿಸಿತು. ದೂರ ಓಟವನ್ನು ಮುಖ್ಯವಾಗಿ ಉಳಿಸಿಕೊಂಡಿತು. ಕೀನ್ಯಾದಿಂದ ಬಂದು ಇದೇ ಪುಲ್ಮನ್‌ನಲ್ಲಿ ಓದುತ್ತಿದ್ದ ಹೆನ್ರಿ ರೋನೋ 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮಾಡಿದ. ಅಂಥ ಟ್ರ್ಯಾಕ್ ಪರಂಪರೆ ಇರುವ ಜಾಗ ಅದು. ಅಲ್ಲಿ ಈಟಿ ಎಸೆಯಲು ಬಂದ ಹುಡುಗಿಗೆ ಜಾಗ ಇಲ್ಲ ಅನ್ನಬೇಕಾಗಿ ಬಂತು. ಆಸ್ತಿ ಪಾಲಿನ ಜಗಳದಲ್ಲಿ ಮೊದಲು ಶಾಲೆ ಬಿಡುವುದು ಮಕ್ಕಳು, ನಮ್ಮೂರಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನನ್ನ ಕಾಲದ ಮಾತು. 1992ರ ನವೆಂಬರ್ 21. ನಾನು ಪುಲ್ಮನ್‌ಗೆ ಬಂದು ಎರಡನೇ ವರ್ಷ. ಈ ಆಟದ ಒಂದು ನಿಯಮವೂ ನೆಟ್ಟಗೆ ಗೊತ್ತಿರಲಿಲ್ಲ, ಹಾಸ್ಟೆಲಿನ ಗೆಳೆಯ ಎಳೆದುಕೊಂಡು ಹೋದ, ಹೋದೆ. ಹಿಮ ಅಂದರೆ ಅಂಥ ಹಿಮ, ಮೈದಾನದ ಗೆರೆಗಳೇ ಕಾಣುತ್ತಿರಲಿಲ್ಲ. ಎದುರಾಳಿ ವಾಷಿಂಗ್ಟನ್ ಆಗ ದೇಶದ ದೊಡ್ಡ ಟೀಮುಗಳಲ್ಲಿ ಒಂದು. ಮೂರನೇ ಕ್ವಾರ್ಟರ್‌ನಲ್ಲಿ ನಮ್ಮವರು ತಿರುಗಿ ನಿಂತರು. ಡ್ರೂ ಬ್ಲೆಡ್ಸೋ ಎಸೆದ ಚೆಂಡನ್ನು ಫಿಲಿಪ್ ಬೋಬೋ ಹಿಡಿದು, ಜಾರಿಕೊಂಡು ಹೋಗಿ ಹಿಮದ ಗುಡ್ಡೆಯೊಳಗೆ ಬಿದ್ದ. 42-23ಕ್ಕೆ ಗೆದ್ದೆವು. ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದ ರೈತ, ಹೆಸರೂ ಗೊತ್ತಿಲ್ಲ, ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟ. ಅಮೆರಿಕಕ್ಕೆ ಬಂದ ಮೇಲೆ ಯಾರೋ ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು. ಆ ದಿನ ಆ ಊರು ನನ್ನದಾಯಿತು. ಆವತ್ತು ನಮ್ಮ ಕಾನ್ಫರೆನ್ಸ್ ಹೆಸರಿನ ಮುಂದೆ ಹತ್ತಿತ್ತೋ ಹನ್ನೆರಡಿತ್ತೋ, ಅದು ನನ್ನ ತಲೆಗೇ ಬಂದಿರಲಿಲ್ಲ.

ನೀನೂ 2021ರಲ್ಲಿ ಸಿಯಾಟಲ್‌ನ ಮೈದಾನದಲ್ಲಿ 40-13 ಗೆದ್ದ ದಿನ ಗಂಟಲು ಒಡೆಯುವ ಹಾಗೆ ಕೂಗಿ, ಮಾರನೇ ದಿನ ನನ್ನ ಜೊತೆ ಫೋನಿನಲ್ಲಿ ಮಾತಾಡಲೂ ಆಗದೆ ಕೂತಿದ್ದೆಯಲ್ಲ. ಹೋದವರು ಆ ದಿನವನ್ನು ಹೊತ್ತುಕೊಂಡು ಹೋಗಲಿಲ್ಲ.

ಅವರು ಒಯ್ದಿದ್ದು ತಿಂಗಳನ್ನು. ಇದನ್ನು ನಾನು ಒಪ್ಪುತ್ತೇನೆ, ಇದು ನಿಜವಾದ ನಷ್ಟ. 1900ರಿಂದ ನಡೆಯುತ್ತಿರುವ ಆಪಲ್ ಕಪ್, ಅಂದರೆ ನಾವೂ ವಾಷಿಂಗ್ಟನ್‌ನವರೂ ಆಡುವ ಆಟ, ನಮಗೆ ಗೊತ್ತಿದ್ದದ್ದು ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ವಾರದ ಚಳಿಯಲ್ಲಿ, ಎಲ್ಲ ಲೆಕ್ಕ ಮುಗಿಯುವ ಹೊತ್ತಿನಲ್ಲಿ. ಈಗ ಸೆಪ್ಟೆಂಬರ್‌ಗೆ ಬಂದಿದೆ. ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಆ ಹೊತ್ತಿಗೆ ಇನ್ನೂ ತರಗತಿಗಳೇ ಶುರುವಾಗಿರುವುದಿಲ್ಲ. ಒರೆಗಾನ್ ಮತ್ತು ಒರೆಗಾನ್ ಸ್ಟೇಟ್ 1894ರಿಂದ ಆಡುತ್ತಿವೆ, ಒಂದು ಗಂಟೆಯೊಳಗಿನ ದಾರಿ, ಅವರದೂ ಸೆಪ್ಟೆಂಬರ್‌ಗೆ ಜಾರಿತು. ಆದರೂ 2024ರಲ್ಲಿ ಆ ಬಿಸಿಲಿನ ಆಪಲ್ ಕಪ್‌ನಲ್ಲಿ ಏನಾಯಿತು ನೆನಪಿಸಿಕೋ. ಕೊನೆಗೆ ವಾಷಿಂಗ್ಟನ್‌ನವರು, ದಾಟಿದರೆ ಅಂಕ ಸಿಗುವ ನಮ್ಮ ಗೆರೆಗೆ ಒಂದು ಗಜ ದೂರದಲ್ಲಿದ್ದರು. ನಮ್ಮ ಹುಡುಗರು ತಡೆದು ನಿಲ್ಲಿಸಿ 24-19 ಗೆದ್ದರು. ನೀನು ಸ್ಟೇಡಿಯಂನಿಂದಲೇ ನನಗೆ ಫೋನ್ ಮಾಡಿದ್ದೆ. ಆ ದನಿಯಲ್ಲಿ ತಿಂಗಳಿನ ಕೊರತೆ ಇರಲಿಲ್ಲ.

ಹೀಗೆ ಹೊರಗೆ ಉಳಿಯುವುದು ನಮಗೆ ಹೊಸದೂ ಅಲ್ಲ. 1959ರಲ್ಲಿ 1915ರಲ್ಲಿ ಶುರುವಾದ ಆ ಹಳೆಯ ಗುಂಪು, ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್, ಒಡೆದಾಗ ಕ್ಯಾಲಿಫೋರ್ನಿಯಾದ ನಾಲ್ವರು ಮತ್ತು ವಾಷಿಂಗ್ಟನ್ ಸೇರಿ ಬೇರೆ ಗುಂಪು ಕಟ್ಟಿಕೊಂಡರು. ನಮ್ಮನ್ನು ಕರೆಯಲಿಲ್ಲ. 1962ರಲ್ಲಿ ಒಳಗೆ ಸೇರಿಸಿಕೊಂಡರು, ಎರಡು ಒರೆಗಾನ್‌ಗಳನ್ನು 1964ರಲ್ಲಿ. ಆ ಮೂರು ವರ್ಷ ನಮಗೆ ಗುಂಪಿರಲಿಲ್ಲ, ಆದರೆ ವಾಷಿಂಗ್ಟನ್ ಜೊತೆಗಿನ ಆಟ ಒಂದು ವರ್ಷವೂ ತಪ್ಪಲಿಲ್ಲ. ಇದನ್ನು ನಾನು ತುಂಬ ಸಲ ಯೋಚಿಸಿದ್ದೇನೆ ಪುಟ್ಟು. ಗುಂಪು ಕಟ್ಟುವವರು, ಒಡೆಯುವವರು ಮೇಲೆ ಇರುತ್ತಾರೆ. ಆಟ ಉಳಿಸಿಕೊಂಡು ಬಂದದ್ದು ವರ್ಷ ವರ್ಷವೂ ಗುಡ್ಡ ದಾಟಿ ಬಂದು ಕೂತವರು.

ಟೆಕ್ಸಸ್ ಕಡೆ ನೋಡು. 2011ರಲ್ಲಿ ಇಂಥದ್ದೇ ಜಗಳದಲ್ಲಿ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ಆಟ ನಿಂತುಹೋಯಿತು. ಹದಿಮೂರು ವರ್ಷ ನಿಂತಿತ್ತು. ಟೆಕ್ಸಸ್ ತಾನೂ ಕಾನ್ಫರೆನ್ಸ್ ಬದಲಾಯಿಸಿದ ಮೇಲೆ 2024ರ ನವೆಂಬರ್ 30ರಂದು ಮತ್ತೆ ಶುರುವಾಯಿತು. ಅದೇ ಬದಲಾವಣೆ ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವೆ ಪ್ರತಿ ವರ್ಷ ನಡೆಯುತ್ತಿದ್ದ ಆಟವನ್ನು ನಿಲ್ಲಿಸಿತು. ಒಂದು ಕಡೆ ಬಾಗಿಲು ತೆಗೆದರೆ ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತದೆ. ಅಭಿಮಾನಿಗಳನ್ನು ಯಾರೂ ಕೇಳುವುದಿಲ್ಲ. ಇದು ಅನ್ಯಾಯ ಅಂತಲೇ ನಾನು ನಂಬಿದ್ದೇನೆ.

ಈಗ ನಿನ್ನ ರೂಮ್‌ಮೇಟ್ ವಿಷಯ. ಅವನು ವಾಷಿಂಗ್ಟನ್‌ನಲ್ಲಿ ಓದಿದವನು ಅಂತ ಅವನ ಜೊತೆ ಆಟದ ಮಾತೇ ಬಿಟ್ಟಿದ್ದೀಯಂತೆ. ಅದು ಸರಿಯಲ್ಲ. ಬಿಗ್ ಟೆನ್‌ಗೆ ಸಹಿ ಹಾಕಿದ್ದು ಅವನಲ್ಲ. ಅವನಿಗೇನು ಸಿಕ್ಕಿತು ಕೇಳಿ ನೋಡು. ಅವನ ಟೀಮು ಪ್ಯಾಕ್-12ರ ಕೊನೆಯ ವರ್ಷ ಗುಂಪಿನ ಕಪ್ ಗೆದ್ದು ರಾಷ್ಟ್ರೀಯ ಫೈನಲ್‌ವರೆಗೆ ಹೋಯಿತು. ಮರುವರ್ಷ ಸೆಪ್ಟೆಂಬರ್‌ನ ಒಂದು ಶುಕ್ರವಾರ ರಾತ್ರಿ ದೇಶದ ಆ ತುದಿಗೆ, ನ್ಯೂಜೆರ್ಸಿಯ ರಟ್ಗರ್ಸ್‌ಗೆ ಹೋಗಿ 21-18ರಲ್ಲಿ ಸೋತು ಬಂತು. ಅದನ್ನು ನೋಡಲು ಅವನು ಹೋಗಲು ಆಗುತ್ತದಾ? ಹೊಸ ಗುಂಪಿನಲ್ಲಿ ಮೊದಲ ವರ್ಷಗಳಲ್ಲಿ ಅವರಿಗೆ ಸಿಗುವುದೂ ಅರ್ಧ ಪಾಲೇ. ಅವನೂ ನೆರೆಯವರನ್ನು ಕಳೆದುಕೊಂಡಿದ್ದಾನೆ. ನೀವಿಬ್ಬರೂ ಒಂದೇ ಸೋಫಾದ ಮೇಲೆ ಕೂತು ಬೇರೆ ಬೇರೆ ಸಂಕಟ ಪಡುವ ಬದಲು ಒಟ್ಟಿಗೆ ಆಟ ನೋಡಿ.

ಗೆಲ್ಲುವ ಟೀಮಿನ ಕಡೆ ಹೋಗುತ್ತೇನೆ ಅಂತ ಮಾತ್ರ ಹೇಳಬೇಡ. ನಮ್ಮ ಟೀಮಿನಿಂದ ಕ್ಯಾಮ್ ವಾರ್ಡ್ ಮಯಾಮಿಗೆ ಹೋದ, ಜಾನ್ ಮಟೀರ್ ಒಕ್ಲಹೋಮಕ್ಕೆ ಹೋದ. ಅವರು ಆಟಗಾರರು, ಅವರ ಹೊಟ್ಟೆಪಾಡು, ನಾಲ್ಕೇ ವರ್ಷದ ಅವಕಾಶ. ಅವರಿಗೆ ಒಳ್ಳೆಯದಾಗಲಿ. ನಮಗೆ ಅಂಥ ಅವಸರ ಏನಿದೆ?

ಒಂದು ಕೆಲಸ ಮಾಡು. ಶನಿವಾರ ಬೆಳಿಗ್ಗೆ ಟೀವಿಯಲ್ಲಿ ಕಾಲೇಜ್ ಗೇಮ್‌ಡೇ ಅನ್ನುವ ಫುಟ್‌ಬಾಲ್ ಕಾರ್ಯಕ್ರಮ ಬರುತ್ತದಲ್ಲ, ಅದರ ಹಿಂದೆ ಹಾರುವ ನಮ್ಮ ಓಲ್ ಕ್ರಿಮ್ಸನ್ ಬಾವುಟ. 2003ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಕಾರ್ಯಕ್ರಮ ಯಾವ ಊರಿಗೆ ಹೋದರೂ ಅಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಸುಕಿನಲ್ಲೇ ಎದ್ದು, ಚಳಿಯಲ್ಲಿ ನಿಂತು ಅದನ್ನು ಹಿಡಿದಿರುತ್ತಾನೆ. ನಮ್ಮ ಟೀಮು ಅಲ್ಲಿ ಆಡುತ್ತಿರುವುದಿಲ್ಲ. ನೀನು ಕೆಲಸದ ಮೇಲೆ ಊರೂರು ತಿರುಗುತ್ತೀಯ. ಒಂದು ಶನಿವಾರ ಆ ಬಾವುಟ ಹಿಡಿದು ನಿಲ್ಲು. ಆಮೇಲೂ ಬಿಡಬೇಕು ಅನ್ನಿಸಿದರೆ ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

2026ರ ಜುಲೈ 1ರಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೋ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್, ಯೂಟಾ ಸ್ಟೇಟ್, ಕೊಲರಾಡೋ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿ ಪ್ಯಾಕ್-12 ಹೊಸ ಮನೆ ಆಗುತ್ತಿದೆ. ಬ್ಯಾಸ್ಕೆಟ್‌ಬಾಲ್‌ಗೆ ಗೊಂಜಾಗಾ ಬರುತ್ತಿದೆ. ನಮ್ಮ ಸ್ಪೊಕೇನ್ ಮನೆಯಿಂದ ನಾನು ಬೆಳಿಗ್ಗೆ ನಡೆಯಲು ಹೋಗುವ ದಾರಿಯಲ್ಲೇ ಅವರ ಕ್ಯಾಂಪಸ್ ಇದೆ, ಪುಲ್ಮನ್‌ಗೆ ಅಲ್ಲಿಂದ ಒಂದೂವರೆ ಗಂಟೆ. ಕಳೆದ ವರ್ಷ ಬೇರೆ ಯಾರೂ ಇಲ್ಲದೆ ನಾವೂ ಒರೆಗಾನ್ ಸ್ಟೇಟೂ ಒಂದೇ ಸೀಸನ್‌ನಲ್ಲಿ ಎರಡೆರಡು ಸಲ ಆಡಿಕೊಂಡೆವಲ್ಲ, ಆ ಕಷ್ಟ ಇನ್ನಿಲ್ಲ. ಹೊಸ ನೆಂಟರು ಹಳಬರ ಹಾಗೆ ಆಗಲು ವರ್ಷಗಳು ಬೇಕು. ಬಾಯ್ಸಿಯವರ ಮೇಲೆ ಒಂದು ಹಿಮದ ದಿನದ ಆಟ ಗೆದ್ದು ನೋಡು, ಅಥವಾ ಸೋತು ನೋಡು.

ಸೀಸನ್ ಟಿಕೆಟ್ ದುಬಾರಿ ಅನ್ನಿಸಿದರೆ ಪೂರ್ತಿ ತೆಗೆದುಕೊಳ್ಳಲೇಬೇಕು ಅಂತಿಲ್ಲ. ವರ್ಷಕ್ಕೆ ಎರಡು ಆಟಕ್ಕೆ ಬಾ. ವಾಂಟೇಜ್ ಸೇತುವೆ ದಾಟಿ 26ನೇ ಹೆದ್ದಾರಿ ಹಿಡಿ, ಗೋಧಿ ಗುಡ್ಡಗಳ ನಡುವೆ ಬಂದರೆ ಐದು ಗಂಟೆ. ಕೊಲ್ಫ್ಯಾಕ್ಸ್‌ನಲ್ಲಿ ನಾನು ಕಾದಿರುತ್ತೇನೆ.

ಈ ಸೆಪ್ಟೆಂಬರ್ ಆಪಲ್ ಕಪ್ ಸಿಯಾಟಲ್‌ನಲ್ಲೇ. ನಿನಗೆ, ನನಗೆ, ನಿನ್ನ ರೂಮ್‌ಮೇಟ್‌ಗೆ ಮೂರು ಟಿಕೆಟ್ ತೆಗೆದಿಡು, ದುಡ್ಡು ನಾನು ಕಳಿಸುತ್ತೇನೆ. ಪುಲ್ಮನ್‌ನಿಂದ ಕೂಗರ್ ಗೋಲ್ಡ್ ಚೀಸ್ ಡಬ್ಬಿ ತರುತ್ತೇನೆ. ದೊಡ್ಡಮ್ಮ ಖಾರ ಮಂಡಕ್ಕಿ ಕಲಸಿ ಕೊಡುತ್ತಾಳಂತೆ, ಅವನಿಗೆ ಖಾರ ಆಗುತ್ತದಾ ಕೇಳಿ ತಿಳಿಸು.

ನಿನ್ನ,
ದೊಡ್ಡಪ್ಪ