ಬೇತ್ಲೆಹೇಮಿಗಿಂತ ಮುಂಚೆನೂ ಯೇಸುಸ್ವಾಮಿ ಇದ್ರು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕ್ರಿಸ್‌ಮಸ್ ಪುರವಣಿ ಚೆನ್ನಾಗಿತ್ತು, ಹರಿಹರದ ಆರೋಗ್ಯಮಾತೆ ಬೆಸಿಲಿಕಾದ ಲೈಟಿಂಗ್ ಫೋಟೊ ಅಂತೂ ಸೂಪರ್, ನಮ್ಮನೆಯವರು ಕಟ್ ಮಾಡಿ ಇಟ್ಕೊಂಡಿದಾರೆ. ಆದ್ರೆ ಪಕ್ಕದ ಲೇಖನದಲ್ಲಿ ‘ಕ್ರೈಸ್ತರ ದೇವರು ಹುಟ್ಟಿದ್ದೇ 2000 ವರ್ಷದ ಹಿಂದೆ, ಜಗತ್ತು ಅದಕ್ಕಿಂತ ಎಷ್ಟೋ ಹಳೇದು, ಮತ್ತೆ ಅವರು ಸೃಷ್ಟಿಕರ್ತ ಹೆಂಗಾಗ್ತಾರೆ’ ಅಂತ ಬರ್ದಿದಾರೆ. ಪ್ರಶ್ನೆ ಕೇಳೋದು ತಪ್ಪಲ್ಲ ಬಿಡಿ, ಜಯದೇವ ಸರ್ಕಲ್ ಹತ್ರ ಚಾ ಕುಡಿಯೋವಾಗ ಫ್ರೆಂಡ್ಸೂ ಇದನ್ನೇ ಕೇಳ್ತಾರೆ, ಆದ್ರೆ ‘ಕ್ರೈಸ್ತರು ಹಿಂಗೆ ನಂಬ್ತಾರೆ’ ಅಂತ ಪೇಪರಲ್ಲಿ ಹಾಕೋ ಮುಂಚೆ ಒಬ್ಬ ಫಾದರನ್ನೋ ಪಾಸ್ಟರನ್ನೋ ಒಂದು ಮಾತು ಕೇಳಬಹುದಿತ್ತಲ್ವಾ ಸಾರ್.

ನಾವು ಕ್ಯಾಥೊಲಿಕರು. ಕ್ರಿಸ್‌ಮಸ್ ರಾತ್ರಿ ಪೂಜೇಲಿ ಲೂಕನ ಶುಭಸಂದೇಶ, ಅಂದ್ರೆ ಬೈಬಲ್‌ನಲ್ಲಿ ಲೂಕ ಬರೆದ ಯೇಸುವಿನ ಕಥೆ ಓದ್ತಾರೆ, ಅದ್ರಲ್ಲಿ ಬೇತ್ಲೆಹೇಮಲ್ಲಿ ಯೇಸು ಹುಟ್ಟಿದ್ದು, ಮರಿಯಮ್ಮ, ಗೋದಲಿ, ಕುರುಬರು, ದೇವದೂತರು ಎಲ್ಲಾ ಬರ್ತಾರೆ, ಫೋಟೊ ತೆಗೆಯೋರು ಬರೋದೂ ಆವಾಗ್ಲೇ. ಹಗಲಿನ ಪೂಜೆಗೆ ಬಂದು ನೋಡಿ, ಅಲ್ಲಿ ಓದೋದು ಯೊವಾನ್ನನ ಶುಭಸಂದೇಶದ ಮೊದಲನೇ ಅಧ್ಯಾಯ, ಅದ್ರಲ್ಲಿ ಕೂಸೂ ಇಲ್ಲ ಗೋದಲಿನೂ ಇಲ್ಲ. ಯೇಸು ಆದಿಯಲ್ಲೇ ದೇವರ ಜೊತೆ ಇದ್ದ, ತಾನೇ ದೇವರಾಗಿದ್ದ, ಇರೋದೆಲ್ಲಾ ಅವನ ಮೂಲಕವೇ ಆಯ್ತು, ಆಮೇಲೆ ಅವನೇ ಮನುಷ್ಯನಾಗಿ ನಮ್ಮ ನಡುವೆ ವಾಸ ಮಾಡಿದ ಅಂತೈತಿ. ಅದೇ ಪುಸ್ತಕದ ಎಂಟನೇ ಅಧ್ಯಾಯದಲ್ಲಿ ಯೆಹೂದ್ಯರ ಮೂಲಪುರುಷ ಅಬ್ರಹಾಮ ಹುಟ್ಟೋಕಿಂತ ಮುಂಚೆಯಿಂದ್ಲೇ ನಾನಿದ್ದೇನೆ ಅಂತ ಯೇಸು ಹೇಳಿದ್ದಕ್ಕೆ ಜನ ಹೊಡೆಯೋಕೆ ಕಲ್ಲು ಎತ್ಕೊಂಡ್ರು, ಅಂದ್ರೆ ಕೇಳಿದೋರಿಗೂ ಆ ಮಾತಿನ ಭಾರ ಗೊತ್ತಾಗಿತ್ತು.

ಇನ್ನೊಂದು, ಪೂಜೇಲಿ ವಿಶ್ವಾಸ ಪ್ರಮಾಣ, ಅಂದ್ರೆ ನಾವು ಏನು ನಂಬ್ತೀವಿ ಅನ್ನೋದರ ಸಾರ, ಒಟ್ಟಿಗೆ ಹೇಳುವಾಗ ಯೇಸು ಮನುಷ್ಯರಾದರು ಅನ್ನೋ ಸಾಲು ಬಂದ್ರೆ ಬೇರೆ ಭಾನುವಾರ ಬರೀ ತಲೆ ಬಾಗಿಸ್ತೀವಿ, ಕ್ರಿಸ್‌ಮಸ್ ದಿನ ಎಲ್ಲರೂ ಮೊಣಕಾಲೂರ್ತೀವಿ. ವಯಸ್ಸಾದೋರು ಬೆಂಚು ಹಿಡ್ಕೊಂಡು ಕಷ್ಟಪಟ್ಟು ಕೂರ್ತಾರೆ. ದೇವರು ಹೊಸದಾಗಿ ಶುರುವಾದ್ರು ಅಂತಲ್ಲ, ಮೊದಲೇ ಇದ್ದೋರು ನಮ್ಮ ಮೈ ತಗೊಂಡ್ರು ಅಂತ.

ಈ ಜಗಳ ಹೊಸದೂ ಅಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಆರಿಯಸ್ ಅನ್ನೋ ಪಾದ್ರಿ ‘ಪುತ್ರ (ಅಂದ್ರೆ ಯೇಸು) ಇಲ್ಲದಿದ್ದ ಒಂದು ಕಾಲ ಇತ್ತು, ಅವನೂ ಸೃಷ್ಟಿಯಾದವನೇ’ ಅಂತ ಬೋಧನೆ ಮಾಡಿ ಗಲಾಟೆ ಎದ್ದು, 325ರಲ್ಲಿ ನಿಸಿಯಾದಲ್ಲಿ ಬಿಷಪ್‌ಗಳ ದೊಡ್ಡ ಸಭೆ ಸೇರಿ ಅದನ್ನ ತಳ್ಳಿಹಾಕ್ತು, ಆ ಊರು ಇವತ್ತಿನ ಟರ್ಕಿಯ ಇಜ್ನಿಕ್. ಮೊನ್ನೆ 2025ಕ್ಕೆ 1700 ವರ್ಷ ತುಂಬ್ತು. ನಾವು ಹೇಳೋ ವಿಶ್ವಾಸ ಪ್ರಮಾಣದ ಬೇರು ಅದೇ, 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೇಲಿ ಇನ್ನಷ್ಟು ಬೆಳೀತು. ಕ್ಯಾಥೊಲಿಕ್ ಆಗ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗ್ಲಿ ಆರ್ಥೊಡಾಕ್ಸ್ ಆಗ್ಲಿ ಇದ್ರಲ್ಲಿ ಎಲ್ಲಾ ಒಂದೇ. ಆದ್ರೆ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದೋರು ಯೇಸು ಮೊದಲನೇ ಸೃಷ್ಟಿ ಅಂತ ನಂಬ್ತಾರೆ, ಅದು ಅವರ ದಾರಿ.

‘ಹಂಗಾದ್ರೆ ನಮ್ಮ ರಾಮ ಕೃಷ್ಣರ ಥರ ಅವತಾರ ಬಿಡ್ರಿ’ ಅಂತಾರೆ ಫ್ರೆಂಡ್ಸು. ಪ್ರೀತಿಯಿಂದ್ಲೇ ಅಂತಾರೆ, ನಾನೂ ಜಗಳ ಆಡಲ್ಲ, ಆದ್ರೆ ನಾವು ನಂಬೋದು ಒಂದೇ ಸಲ ಅಂತ, ಮತ್ತೆ ತಗೊಂಡ ಮನುಷ್ಯ ದೇಹಾನ ಬಿಟ್ಟು ಹೋಗ್ಲಿಲ್ಲ ಅಂತ.

ಸೃಷ್ಟಿ ವಿಚಾರಕ್ಕೆ ಬೈಬಲ್‌ನಲ್ಲಿ ಪ್ರೇಷಿತ ಪೌಲ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯ ನೋಡಿ. ಎಲ್ಲಾ ಯೇಸುವಿನ ಮೂಲಕ, ಅವರಿಗಾಗಿ ಸೃಷ್ಟಿಯಾಯ್ತು ಅಂತ ಹೇಳಿ ಅಲ್ಲಿಗೇ ನಿಲ್ಲಿಸಲ್ಲ, ಇವತ್ತಿಗೂ ಎಲ್ಲಾ ಅವರಲ್ಲೇ ನಿಂತಿದೆ ಅಂತಾನೆ. ಮೇಸ್ತ್ರಿ ಮನೆ ಕಟ್ಟಿ ಕೀ ಕೊಟ್ಟು ಹೋದಂಗಲ್ಲ ಅದು. ನನಗೆ ಇಡೀ ಬೈಬಲ್‌ನಲ್ಲಿ ತುಂಬಾ ಹಿಡಿಸಿದ ಮಾತು ಇದೇ, ನಿಮ್ಮ ಲೇಖಕರು ಮುಟ್ಟದೇ ಇರೋದೂ ಇದನ್ನೇ.

ಇದನ್ನೆಲ್ಲಾ ಲೇಖಕರು ಒಪ್ಪಬೇಕು ಅಂತ ನಾನು ಹೇಳ್ತಿಲ್ಲ, ಒಪ್ಪದೇ ಟೀಕೆ ಮಾಡ್ಲಿ, ಆದ್ರೆ ನಾವು ಏನು ನಂಬ್ತೀವೋ ಅದನ್ನೇ ಟೀಕೆ ಮಾಡ್ಲಿ. ಈಸ್ಟರ್‌ಗೂ ಪುರವಣಿ ತರೋದಿದ್ರೆ ಸ್ವಲ್ಪ ಮೊದಲೇ ಹೇಳಿ, ನಮ್ಮ ಚರ್ಚಿನ ಉಪದೇಶಿ ಒಬ್ರು ಬರ್ದು ಕೊಡ್ತಾರೆ, ದುಡ್ಡೇನೂ ಬೇಡ.

ಇಂತಿ,
ನಿಮ್ಮ ಓದುಗ, ವಿದ್ಯಾನಗರ, ದಾವಣಗೆರೆ